ಗಿರಗಿರ ತಿರುಗುವ ಕಾಳಾಂಜಿ ಮರಿ: ಕುಂಬಳೆಯ ಪಂಜರದಿಂದ ಮೊಲದ ಪ್ರತಿಕಾಯದವರೆಗೆ ಒಂದು ಪ್ರಕರಣ

ಕುಂಬಳೆಗೂ ಉಪ್ಪಳಕ್ಕೂ ನಡುವೆ ಶಿರಿಯ ಹೊಳೆ ಕಡಲು ಸೇರುವ ಅಳಿವೆಯ ಒಳಬದಿ. ಜಿಐ ಪೈಪಿನ ಚೌಕಟ್ಟು, ತೇಲಲು ಪ್ಲಾಸ್ಟಿಕ್ ಡ್ರಮ್ಮು, ನಾಲ್ಕು ಮೀಟರ್ ಉದ್ದಗಲದ ಪಂಜರಗಳು. ಮಳೆಗಾಲ ಕಳೆದು ನೀರಿಗೆ ಉಪ್ಪು ಮರಳಿದ ಮೇಲೆ ತಮಿಳುನಾಡಿನ ಹ್ಯಾಚರಿಯಿಂದ ಎರಡೂವರೆ ಸೆಂಟಿಮೀಟರಿನ ಸೀಬಾಸ್ ಮರಿ ತಂದು, ಒಂದು ಪಂಜರದೊಳಗೆ ಸಣ್ಣ ಕಣ್ಣಿನ ಹಾಪಾ (ಚೀಲದಂಥ ಬಲೆ) ಕಟ್ಟಿ ಬಿಡಲಾಗಿತ್ತು. ಈ ಮೀನನ್ನು ಕಾಸರಗೋಡಿನ ಮಾರುಕಟ್ಟೆಯಲ್ಲಿ ಮಲಯಾಳದ ಕಾಳಾಂಜಿ ಎಂಬ ಹೆಸರಲ್ಲೇ ಕೇಳುತ್ತಾರೆ. ಎರಡನೇ ವಾರಕ್ಕೆ ಸಾಕಣೆದಾರರ ಫೋನು: “ಮರಿಗಳು ಒಂದೇ ಕಡೆಗೆ ಗಿರಗಿರ ತಿರುಗ್ತವೆ ಸಾರ್, ಹೊಟ್ಟೆ ಮೇಲೆ ಮಾಡಿ ತೇಲ್ತವೆ. ಮುಟ್ಟಿದ್ರೆ ಒಮ್ಮೆ ಕೆಳಗೆ ಹೋಗಿ ಮತ್ತೆ ಮೇಲೆ ಬರ್ತವೆ. ಮೈಯಲ್ಲಿ ಗಾಯ ಅಂತ ಒಂದೂ ಇಲ್ಲ.”

ಗಾಯ ಇಲ್ಲ ಎಂಬ ಮಾತೇ ಇಲ್ಲಿ ಮುಖ್ಯ ಸುಳಿವು. ಪಂಜರದಲ್ಲಿ ಮರಿ ಸತ್ತರೆ ಮೊದಲು ನೋಡಬೇಕಾದದ್ದು ಬೆಳಗಿನ ಜಾವದ ಆಮ್ಲಜನಕ. ಆದರೆ ಆಮ್ಲಜನಕ ಕಡಿಮೆಯಾದರೆ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ, ಸುರುಳಿ ಸುತ್ತುವುದಿಲ್ಲ. ಸಾಮಾನ್ಯವಾಗಿ ದೊಡ್ಡ ಮೀನೇ ಮೊದಲು ಸಾಯುತ್ತದೆ. ಇಲ್ಲಿ ಪಕ್ಕದ ಪಂಜರದ ಇನ್ನೂರು ಗ್ರಾಂ ತೂಕದ ಮೀನುಗಳು ಚೆನ್ನಾಗಿಯೇ ತಿನ್ನುತ್ತಿದ್ದವು. ಕಿವಿರಿನ ಎಳೆಯನ್ನು ಹಸಿಯಾಗಿಯೇ ಸೂಕ್ಷ್ಮದರ್ಶಕದಡಿ ಇಟ್ಟಾಗ ಟ್ರೈಕೊಡೈನಾದಂಥ ಪರಾವಲಂಬಿ ಕಾಣಲಿಲ್ಲ. ಸೀಬಾಸ್ ಮರಿ ಒಂದನ್ನೊಂದು ನುಂಗುವ ಜಾತಿ, ವಾರದೊಳಗೆ ಗಾತ್ರ ನೋಡಿ ಬೇರ್ಪಡಿಸದಿದ್ದರೆ ಬಾಲ ಕಚ್ಚಿದ ಗುರುತು ಉಳಿಯುತ್ತದೆ; ಅದೂ ಇರಲಿಲ್ಲ. ಹೊಟ್ಟೆ ಸೀಳಿದರೆ ಜಠರ ಖಾಲಿ, ಯಕೃತ್ತು ಸರಿಯಾಗಿಯೇ ಇದೆ, ಗಾಳಿಚೀಲ ಮಾತ್ರ ಉಬ್ಬಿ ಕೂತಿದೆ. ವಿಬ್ರಿಯೊ ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ಟಿಸಿಬಿಎಸ್ ಅಗರ್ ಮೇಲೆ ಬೆರಳೆಣಿಕೆಯ ಕಾಲನಿ ಬಂದವು. ಸಾಯುವ ಮೀನಿನಲ್ಲಿ ವಿಬ್ರಿಯೊ ಸಿಗುವುದು ದೊಡ್ಡ ಸಂಗತಿಯಲ್ಲ, ಅಷ್ಟಕ್ಕೇ ಆಂಟಿಬಯಾಟಿಕ್ ಬರೆದುಕೊಡುವವರಿದ್ದಾರೆ ಎಂಬುದೇ ಬೇಸರದ ಸಂಗತಿ.

ಈ ಲಕ್ಷಣಗಳೆಲ್ಲ ಕೂಡಿದಾಗ ಅನುಮಾನ ಹೋಗುವುದು ನರಾಂಗಾಂಶವನ್ನು ಕೊಳೆಸುವ ವೈರಸ್ ರೋಗದ (ವೈರಲ್ ನರ್ವಸ್ ನೆಕ್ರೋಸಿಸ್) ಕಡೆಗೆ, ಚಿಕ್ಕದಾಗಿ ವಿಎನ್‌ಎನ್. ಕಾರಣ ಬೀಟಾನೋಡಾವೈರಸ್. ಪೊರೆಯಿಲ್ಲದ, 25ರಿಂದ 30 ನ್ಯಾನೊಮೀಟರ್ ವ್ಯಾಸದ ಕಣ. ಒಳಗೆ ಎರಡು ಆರ್‌ಎನ್‌ಎ ತುಂಡು. ದೊಡ್ಡ ತುಂಡು ನಕಲು ಮಾಡುವ ಕಿಣ್ವಕ್ಕೆ, ಸುಮಾರು 1,400 ಬೇಸ್ ಉದ್ದದ ಸಣ್ಣ ತುಂಡು ಹೊರಕವಚದ ಪ್ರೋಟೀನಿಗೆ. ನಾಲ್ಕು ಮುಖ್ಯ ಜೀನೋಟೈಪುಗಳಲ್ಲಿ (ಜೀನಿನ ಪ್ರಕಾರ ವಿಂಗಡಿಸಿದ ಬಗೆಗಳಲ್ಲಿ) ಬೆಚ್ಚಗಿನ ನೀರಿನದು ಆರ್‌ಜಿಎನ್‌ಎನ್‌ವಿ. 25ರಿಂದ 30 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುವ ಅದಕ್ಕೆ ನಮ್ಮ ಅಳಿವೆಯ ನೀರು ಹೇಳಿ ಮಾಡಿಸಿದ್ದು. ಭಾರತದ ಹ್ಯಾಚರಿ ಸೀಬಾಸ್ ಮರಿಗಳಲ್ಲಿ ಈ ರೋಗದ ಮೊದಲ ವರದಿ 2005ರದು, ಚೆನ್ನೈನ ಸಿಬಾ (ಕೇಂದ್ರೀಯ ಚೌಳುನೀರು ಜಲಕೃಷಿ ಸಂಸ್ಥೆ) ತಂಡದ್ದು.

ಪಿಸಿಆರ್ ಹೇಳಿದ್ದು, ಹೇಳದೆ ಬಿಟ್ಟದ್ದು

ಮಾದರಿ ತೆಗೆಯುವಾಗ ಸತ್ತು ತೇಲುವ ಮರಿ ಬೇಡ. ನಮ್ಮ ಸೆಕೆಗೆ ಮಿದುಳು ಎರಡು ತಾಸಿನೊಳಗೆ ಕರಗಲು ಶುರುವಾಗುತ್ತದೆ. ಆಮೇಲೆ ಸೂಕ್ಷ್ಮದರ್ಶಕದಲ್ಲಿ ಕಾಣುವ ತೂತು ರೋಗದ್ದೋ ಕೊಳೆತದ್ದೋ ಎಂದು ಹೇಳಲಾಗದು. ತಿರುಗುತ್ತಿರುವ, ಇನ್ನೂ ಕಿವಿರು ಆಡುವ ಮರಿಯನ್ನೇ ಲವಂಗದ ಎಣ್ಣೆಯ ನೀರಲ್ಲಿ ಮಲಗಿಸಿ ತೆಗೆಯಬೇಕು. ಇಷ್ಟು ಸಣ್ಣ ಮರಿಯಲ್ಲಿ ಮಿದುಳು ಬಿಡಿಸುವುದು ಆಗದ ಕೆಲಸ, ತಲೆಯನ್ನೇ ಕತ್ತರಿಸುವುದು. ಅರ್ಧದಷ್ಟು ತಲೆಗಳು ಹತ್ತು ಪಾಲು ತಟಸ್ಥ ಫಾರ್ಮಲಿನ್‌ಗೆ, 24ರಿಂದ 48 ತಾಸು, ಆಮೇಲೆ 70 ಶೇಕಡಾ ಆಲ್ಕೋಹಾಲ್. ಉಳಿದರ್ಧ ಆರ್‌ಎನ್‌ಎ ಕಾಪಾಡುವ ದ್ರಾವಣದಲ್ಲಿ, ಮಂಜುಗಡ್ಡೆಯ ಮೇಲೆ. ಕುಂಬಳೆಯಿಂದ ಮಂಗಳೂರಿಗೆ ರೈಲಲ್ಲಿ ಸುಮಾರು ಒಂದು ತಾಸು, ಥರ್ಮೊಕೋಲ್ ಪೆಟ್ಟಿಗೆ ಸಾಕು. ಜೊತೆಗೆ ಪಕ್ಕದ ಪಂಜರದ ಗಟ್ಟಿಮುಟ್ಟಾದ ಮೀನಿನ ತಲೆಗಳನ್ನೂ ಕಳಿಸಬೇಕು. ಹೋಲಿಕೆಗೆ ಆರೋಗ್ಯವಂತ ಮೀನಿಲ್ಲದೆ ಬರುವ ಮಾದರಿ ಅರ್ಧ ಮಾದರಿ.

ಹೊರಕವಚದ ಜೀನಿನಲ್ಲಿ 427 ಬೇಸ್‌ಗಳ ತುಣುಕನ್ನು ಹಿಗ್ಗಿಸುವ, 1994ರಿಂದ ಎಲ್ಲ ಕಡೆ ಬಳಕೆಯಲ್ಲಿರುವ ಪ್ರೈಮರ್ ಜೋಡಿಯಿಂದ ಆರ್‌ಟಿ-ಪಿಸಿಆರ್ (ವೈರಸ್ಸಿನ ಆರ್‌ಎನ್‌ಎ ಹುಡುಕುವ ಪರೀಕ್ಷೆ) ಮಾಡಿದಾಗ ಮೊದಲ ಸುತ್ತಿನಲ್ಲಿ ಏನೂ ಬರಲಿಲ್ಲ. ತಲೆಯ ಜೊತೆಗೇ ಬರುವ ಕಣ್ಣಿನ ಕಪ್ಪು ಬಣ್ಣ, ಅಂದರೆ ಮೆಲನಿನ್, ಪಿಸಿಆರ್ ನಡೆಸುವ ಕಿಣ್ವವನ್ನು ತಡೆಯುತ್ತದೆ. ಆರ್‌ಎನ್‌ಎಯನ್ನು ಹತ್ತು ಪಟ್ಟು ತೆಳು ಮಾಡಿದ ಕೂಡಲೇ ಪಟ್ಟಿ ಮೂಡಿತು. ತಿರುಗುವ ಮರಿಗಳೆಲ್ಲ ಪಾಸಿಟಿವ್. ತೊಂದರೆ ಏನೆಂದರೆ, ಪಕ್ಕದ ಪಂಜರದ ಗಟ್ಟಿಮುಟ್ಟಾದ ಮೀನುಗಳಲ್ಲಿಯೂ ಕೆಲವು ಪಾಸಿಟಿವ್.

ಇದು ಪ್ರಯೋಗಾಲಯದ ಎಡವಟ್ಟಲ್ಲ. ಮೇವಾಗಿ ಹಾಕುವ ಕಡಿಮೆ ಬೆಲೆಯ ಹಸಿ ಮೀನಿನಲ್ಲಿ, ಅಳಿವೆಯ ಕಾಡುಮೀನುಗಳಲ್ಲಿ ಈ ವೈರಸ್ ಇರಬಲ್ಲದು. ವಯಸ್ಸಾದ ಸೀಬಾಸ್ ಅದನ್ನು ಹೊತ್ತುಕೊಂಡೇ ಸುಖವಾಗಿ ಬದುಕುತ್ತದೆ. ಆದ್ದರಿಂದ ಸಾಕಣೆದಾರರು ಕೇಳುವ ಎರಡು ಪ್ರಶ್ನೆಗಳು, ಅಂದರೆ ಮರಿ ಸತ್ತದ್ದು ಇದರಿಂದಲೇ ಹೌದೋ, ಪಕ್ಕದ ಪಂಜರದ ಮೀನನ್ನು ಈಗಲೇ ಹಿಡಿದು ಮಾರಬೇಕೋ ಎಂಬವು, ಪಿಸಿಆರ್ ಪಟ್ಟಿಯಿಂದ ಮಾತ್ರ ತೀರುವುದಿಲ್ಲ. ವೈರಸ್ಸಿನ ಪ್ರೋಟೀನು ಹಾನಿಯಾದ ನರಕೋಶದೊಳಗೇ ಕೂತಿದೆಯೇ ಎಂದು ಕಣ್ಣಾರೆ ತೋರಿಸುವ ಸಾಧನ ಬೇಕು. ಅದು ಪ್ರತಿಕಾಯ, ಅಂದರೆ ಹೊರಗಿನ ಒಂದು ಪ್ರೋಟೀನನ್ನು ಗುರುತಿಸಿ ಅಂಟಿಕೊಳ್ಳಲು ಪ್ರಾಣಿಯ ಮೈ ತಯಾರಿಸುವ ಆಂಟಿಬಾಡಿ. ಮೊಲದಲ್ಲಿ ತಯಾರಿಸಲು ಎರಡು ತಿಂಗಳು ಹಿಡಿಯುವ ವಸ್ತು ಆ ಮರಿಗಳ ಕಾಲಕ್ಕೆ ಒದಗುವುದಿಲ್ಲ, ನಿಜ. ಆದರೆ ಅವುಗಳ ಫಾರ್ಮಲಿನ್ ತಲೆಗಳೇ ಮುಂದಿನ ಪರೀಕ್ಷೆಗೆ ಅಡಿಗಲ್ಲಾದವು.

ಪ್ರತಿಜನಕ: ಯಾವ ರೂಪದಲ್ಲಿ ಚುಚ್ಚುತ್ತೇವೆಯೋ ಅದೇ ರೂಪವನ್ನು ಗುರುತಿಸುತ್ತದೆ

ಪ್ರತಿಕಾಯ ಹುಟ್ಟಿಸಲು ಮೊಲಕ್ಕೆ ಚುಚ್ಚುವ ವಸ್ತುವೇ ಪ್ರತಿಜನಕ. ವೈರಸ್ಸನ್ನೇ ಕೋಶಸಾಕಣೆಯಲ್ಲಿ ಬೆಳೆಸಿ, ಶುದ್ಧ ಮಾಡಿ ಚುಚ್ಚುವುದು ಒಂದು ದಾರಿ. ಎಸ್‌ಎಸ್‌ಎನ್-1, ಅದರಿಂದ ಬೇರ್ಪಡಿಸಿದ ಇ-11, ತಮಿಳುನಾಡಿನ ಮೇಲ್ವಿಶಾರಂನ ಸಿ. ಅಬ್ದುಲ್ ಹಕೀಂ ಕಾಲೇಜಿನಲ್ಲಿ ಸೀಬಾಸ್ ಗುಲ್ಮದಿಂದ ಬೆಳೆಸಿದ ಎಸ್‌ಐಎಸ್‌ಎಸ್, ಇವು ನೋಡಾವೈರಸ್ ಹಿಡಿಯುವ ಕೋಶಗಳು. ಆದರೆ ಶುದ್ಧೀಕರಣಕ್ಕೆ ಅಲ್ಟ್ರಾಸೆಂಟ್ರಿಫ್ಯೂಜ್ ಬೇಕು, ಎಸ್‌ಎಸ್‌ಎನ್-1 ಕೋಶಗಳಲ್ಲಿ ತಮ್ಮದೇ ಒಂದು ರೆಟ್ರೊವೈರಸ್ ಇದೆ. ಎಷ್ಟು ತೊಳೆದರೂ ಕೋಶದ ಚೂರು ಅಂಟಿಕೊಂಡೇ ಬರುತ್ತದೆ.

ಹೊರಕವಚದ ಜೀನನ್ನು ಇ. ಕೊಲೈ ಬ್ಯಾಕ್ಟೀರಿಯಾದಲ್ಲಿ ಇಳಿಸಿ ಪ್ರೋಟೀನು ಮಾಡಿಸುವುದು ಅಗ್ಗದ ದಾರಿ, ಈ ಪ್ರಕರಣದಲ್ಲಿ ಹಿಡಿದದ್ದೂ ಅದನ್ನೇ. 338 ಅಮೈನೊ ಆಮ್ಲದ ಪೂರ್ತಿ ಪ್ರೋಟೀನು, ಅಂದರೆ ನಿಲುಗಡೆ ಕೋಡಾನ್ (ಮೂರು ಬೇಸಿನ ಸಂಕೇತ) ಸೇರಿ 1,017 ಬೇಸ್. ಪಿಇಟಿ ಸರಣಿಯ ವೆಕ್ಟರಿನಲ್ಲಿ (ಜೀನನ್ನು ಬ್ಯಾಕ್ಟೀರಿಯಾದೊಳಗೆ ಒಯ್ಯುವ ಡಿಎನ್‌ಎ), ನಿಕ್ಕಲ್ಲಿಗೆ ಅಂಟುವ ಆರು ಹಿಸ್ಟಿಡಿನ್ ಬಾಲದ ಜೊತೆ. ಪ್ರೋಟೀನಿನ ಮೊದಲ ತುದಿಯಲ್ಲಿ ಆರ್ಜಿನಿನ್ ದಟ್ಟವಾಗಿದೆ, ಇದರಿಂದ ಎರಡು ಕಾಟ. ಒಂದು, ಇ. ಕೊಲೈಗೆ ಅಪರೂಪವಾದ ಆರ್ಜಿನಿನ್ ಕೋಡಾನ್‌ಗಳು ಸಿಕ್ಕಿ ಪ್ರೋಟೀನು ಅರ್ಧಕ್ಕೆ ನಿಲ್ಲುತ್ತದೆ. ಜೆಲ್ಲಿನಲ್ಲಿ ಕೆಳಗೆ ಕೆಳಗೆ ಏಣಿಯ ಹಾಗೆ ಪಟ್ಟಿಗಳು ಬಂದರೆ ಅದೇ ಕಾರಣ, ಆ ಕೋಡಾನ್‌ಗಳನ್ನು ಓದುವ ಟಿಆರ್‌ಎನ್‌ಎ ಹೆಚ್ಚಾಗಿರುವ ರೊಸೆಟ್ಟಾ ತಳಿಗೆ ಬದಲಿಸಬೇಕು. ಎರಡು, ಧನ ವಿದ್ಯುದಂಶದ ಆ ತುದಿ ಬ್ಯಾಕ್ಟೀರಿಯಾದ ಆರ್‌ಎನ್‌ಎಯನ್ನು ಬಾಚಿ ಹಿಡಿಯುತ್ತದೆ. 500 ಮಿಲಿಮೋಲಾರ್ ಉಪ್ಪು, ನ್ಯೂಕ್ಲಿಯೇಸ್ ಕಿಣ್ವ ಎರಡೂ ಹಾಕದಿದ್ದರೆ ಪ್ರೋಟೀನಿನ ಅಳತೆಯೇ ತಪ್ಪುತ್ತದೆ.

37 ಡಿಗ್ರಿಯಲ್ಲಿ 1 ಮಿಲಿಮೋಲಾರ್ ಐಪಿಟಿಜಿ (ಆ ಜೀನನ್ನು ಚಾಲೂ ಮಾಡುವ ರಾಸಾಯನಿಕ) ಹಾಕಿ 4 ತಾಸು ಬೆಳೆಸಿದರೆ ಪ್ರೋಟೀನು ಕೋಶದೊಳಗೆ ಗಂಟಾಗಿ ಕೂರುತ್ತದೆ. ಅದನ್ನು 8 ಮೋಲಾರ್ ಯೂರಿಯಾದಲ್ಲಿ ಕರಗಿಸಿ, ನಿಕ್ಕಲ್ ಕಾಲಮ್ಮಿನ ಮೇಲೆ ಹಾಯಿಸಿ, 20 ಮಿಲಿಮೋಲಾರ್ ಇಮಿಡಜೋಲಿನಲ್ಲಿ ತೊಳೆದು 250ರಲ್ಲಿ ಇಳಿಸಿಕೊಳ್ಳುವುದು. 12 ಶೇಕಡಾ ಜೆಲ್ಲಿನಲ್ಲಿ 40 ಕಿಲೊಡಾಲ್ಟನ್ ಆಸುಪಾಸಿನ ದಪ್ಪ ಪಟ್ಟಿ ಕಾಣಬೇಕು. ಇನ್ನೂ ಚೊಕ್ಕ ಬೇಕೆಂದರೆ ಜೆಲ್ಲನ್ನು ತಣ್ಣಗಿನ 0.25 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಅದ್ದಿ. ಪಟ್ಟಿ ಬೆಳ್ಳಗೆ ಮೂಡುತ್ತದೆ. ಅದನ್ನೇ ಬ್ಲೇಡಿನಲ್ಲಿ ಕತ್ತರಿಸಿ, ಅರೆದು ಚುಚ್ಚಬಹುದು.

ಇಲ್ಲಿ ಯೋಚಿಸದೆ ಮುಂದೆ ಹೋಗುವವರೇ ಹೆಚ್ಚು. ಯೂರಿಯಾದಲ್ಲಿ ಬಿಚ್ಚಿಕೊಂಡ ಪ್ರೋಟೀನಿನಿಂದ ಬರುವ ಪ್ರತಿಕಾಯ ಬಿಚ್ಚಿಕೊಂಡ ಸರಪಳಿಯನ್ನೇ ಹೆಚ್ಚಾಗಿ ಗುರುತಿಸುತ್ತದೆ. ವೆಸ್ಟರ್ನ್ ಬ್ಲಾಟಿಗೆ (ಜೆಲ್ಲಿನ ಪಟ್ಟಿಗಳನ್ನು ಹಾಳೆಗೆ ಇಳಿಸಿ ಪ್ರತಿಕಾಯದಿಂದ ಹುಡುಕುವ ಪರೀಕ್ಷೆ), ಫಾರ್ಮಲಿನ್ ಹಾಕಿ ಮೇಣದಲ್ಲಿ ಕೂರಿಸಿದ ಅಂಗಾಂಶಕ್ಕೆ ಅದು ಬಲು ಒಳ್ಳೆಯದು. ಇಡಿಯಾದ ವೈರಸ್ ಕಣವನ್ನು ಹಿಡಿಯಬೇಕಾದ ಸ್ಯಾಂಡ್‌ವಿಚ್ ಎಲಿಸಾಕ್ಕೆ (ಎರಡು ಪ್ರತಿಕಾಯಗಳ ನಡುವೆ ಹಿಡಿದು ಬಣ್ಣದಿಂದ ತೋರಿಸುವ ಪರೀಕ್ಷೆ), ವೈರಸ್ಸನ್ನು ತಟಸ್ಥಗೊಳಿಸುವ ಪರೀಕ್ಷೆಗೆ ಅದೇ ಪ್ರತಿಕಾಯ ಕೈಕೊಡಬಹುದು. ಯಾವ ಪರೀಕ್ಷೆ ಎಂದು ಮೊದಲು ತೀರ್ಮಾನಿಸಿ ಆಮೇಲೆ ಪ್ರತಿಜನಕ ತಯಾರಿಸಬೇಕು, ತಿರುಗುಮುರುಗಾದರೆ ಮೊಲದ ಎರಡು ತಿಂಗಳು ದಂಡ. ನಮ್ಮ ಪ್ರಶ್ನೆ ನರಕೋಶದೊಳಗೆ ಪ್ರೋಟೀನು ಇದೆಯೇ ಎಂಬುದಾಗಿದ್ದರಿಂದ ಬಿಚ್ಚಿದ ಪ್ರೋಟೀನೇ ಸರಿಹೋಯಿತು.

ಮೊಲ

ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬಂದ ಮೇಲೆಯೇ ಕೆಲಸ. ಎರಡರಿಂದ ಎರಡೂವರೆ ಕಿಲೋ ತೂಗುವ ನ್ಯೂಜಿಲೆಂಡ್ ಬಿಳಿ ಮೊಲ ಎರಡಾದರೂ ಇರಲಿ. ಒಂದೊಂದರ ಪ್ರತಿಕ್ರಿಯೆ ಒಂದೊಂದು ಥರ. ಚುಚ್ಚುವ ಮೊದಲೇ ಪ್ರತಿ ಮೊಲದ ರಕ್ತ ತೆಗೆದು ಆ ಸೀರಮ್ಮನ್ನು ಇ. ಕೊಲೈ ಸಾರದ ಮೇಲೆ ಪರೀಕ್ಷಿಸಿ. ಗೂಡಿನಲ್ಲಿ ಬೆಳೆದ ಮೊಲಕ್ಕೆ ಕರುಳಿನ ಬ್ಯಾಕ್ಟೀರಿಯಾದ ವಿರುದ್ಧ ಪ್ರತಿಕಾಯ ಮೊದಲೇ ಇರುತ್ತದೆ. ಅದು ಕಡಿಮೆ ಇರುವ ಮೊಲವನ್ನು ಆರಿಸಿಕೊಂಡರೆ ಮುಂದೆ ಅರ್ಧ ತಲೆನೋವು ತಪ್ಪಿತು.

ಮೊದಲ ದಿನ 200 ಮೈಕ್ರೋಗ್ರಾಂ ಪ್ರೋಟೀನು, ಫ್ರಾಯಿಂಡನ ಪೂರ್ಣ ಸಹಾಯಕದಲ್ಲಿ (ಮೊಲದ ಪ್ರತಿಕ್ರಿಯೆ ಹೆಚ್ಚಿಸುವ ಎಣ್ಣೆಯ ಮಿಶ್ರಣ) ಸಮಪಾಲು ಬೆರೆಸಿ, ಬೆನ್ನಿನ ಚರ್ಮದಡಿ ಹಲವು ಕಡೆ, ಒಂದು ಕಡೆಗೆ 0.1 ಮಿ.ಲೀ. ಮೀರದಂತೆ. 14, 28, 42ನೇ ದಿನ ಅಪೂರ್ಣ ಸಹಾಯಕದಲ್ಲಿ 100 ಮೈಕ್ರೋಗ್ರಾಂ. ಮಿಶ್ರಣ ಸರಿಯಾಗಿದೆಯೇ ಎಂದು ನೋಡಲು ಒಂದು ಹನಿಯನ್ನು ತಣ್ಣೀರ ಮೇಲೆ ಬಿಡಿ: ಹರಡದೆ ಗುಂಡಗೆ ಕೂತರೆ ಸರಿ, ಹಾಲಿನಂತೆ ಚದರಿದರೆ ಸಿರಿಂಜಿನಲ್ಲಿ ಇನ್ನೂ ತಳ್ಳಾಡಿಸಬೇಕು. ಯೂರಿಯಾ ಹೆಚ್ಚಿರುವ ದ್ರಾವಣ ಚರ್ಮ ಸುಡುತ್ತದೆ. ಡಯಾಲಿಸಿಸಿನಲ್ಲಿ ಯೂರಿಯಾವನ್ನು 8 ಮೋಲಾರಿನಿಂದ 4, 2, 1 ಎಂದು ಇಳಿಸುವಾಗ ಪ್ರೋಟೀನು ಒಡೆದು ಕೆಳಗೆ ಕೂತರೂ ಗಾಬರಿ ಬೇಡ, ಆ ಕೆಸರನ್ನೇ ಕದಡಿ ಚುಚ್ಚಬಹುದು.

ಪ್ರತಿ ವರ್ಧಕ ಚುಚ್ಚುಮದ್ದಿನ (ಬೂಸ್ಟರ್) 7ರಿಂದ 10 ದಿನಗಳ ಬಳಿಕ ಕಿವಿಯ ನಾಳದಿಂದ ಪರೀಕ್ಷಾರಕ್ತ. ಎರಡೂವರೆ ಕಿಲೋ ಮೊಲದಿಂದ ಒಮ್ಮೆಗೆ 14 ಮಿ.ಲೀ. ಮೀರಬಾರದು. ರಕ್ತ ಕೋಣೆಯ ಉಷ್ಣದಲ್ಲಿ ಹೆಪ್ಪುಗಟ್ಟಿ, ರಾತ್ರಿಯಿಡೀ 4 ಡಿಗ್ರಿಯಲ್ಲಿ ಕುಗ್ಗಿದ ಮೇಲೆ 3,000 ಜಿಯಲ್ಲಿ 10 ನಿಮಿಷ ತಿರುಗಿಸಿದರೆ ಸೀರಮ್ ಮೇಲೆ ನಿಲ್ಲುತ್ತದೆ. ಕೆಡದಿರಲೆಂದು 0.02 ಶೇಕಡಾ ಸೋಡಿಯಂ ಅಜೈಡ್ ಹಾಕುವ ರೂಢಿಯಿದೆ. ಬಣ್ಣ ಬರಿಸಲು ಎಚ್‌ಆರ್‌ಪಿ ಕಿಣ್ವ ಬಳಸುವ ಪರೀಕ್ಷೆಗೆ ಹೋಗುವ ಸೀಸೆಗೆ ಅದನ್ನು ಹಾಕಬೇಡಿ. ಅಜೈಡ್ ಆ ಕಿಣ್ವವನ್ನು ಕೊಲ್ಲುತ್ತದೆ, ಬಣ್ಣ ಬರದೆ ಪ್ರತಿಕಾಯವನ್ನು ಬೈಯುತ್ತ ಕೂರಬೇಕಾಗುತ್ತದೆ.

ಎಲ್ಲದಕ್ಕೂ ಹೂಂ ಎನ್ನುವ ಸೀರಮ್

ಕೊನೆಯ ರಕ್ತದ ಸೀರಮ್ ಎಲಿಸಾ ತಟ್ಟೆಯಲ್ಲಿ ಸೊಗಸಾಗಿ ಬಣ್ಣ ಕೊಟ್ಟಿತು: ಶುದ್ಧ ಪ್ರೋಟೀನು ಲೇಪಿಸಿದ ವೆಲ್‌ಗಳಲ್ಲಿ ಸಾವಿರಾರು ಪಟ್ಟು ತೆಳು ಮಾಡಿದರೂ ಬಣ್ಣ. ಇಷ್ಟಕ್ಕೇ ಪ್ರತಿಕಾಯ ಸಿದ್ಧವಾಯಿತೆಂದು ವರದಿ ಬರೆಯುವುದುಂಟು. ಅದೇ ಸೀರಮ್ಮನ್ನು ಅರೆದ ಮರಿಗಳ ಮೇಲೆ ಹಾಕಿದಾಗ ರೋಗದ ಮರಿಯೂ ಬಣ್ಣ, ಆರೋಗ್ಯದ ಮರಿಯೂ ಬಣ್ಣ.

ಕಾರಣಗಳು ಒಂದರ ಮೇಲೊಂದು ಕೂತಿದ್ದವು. ನಿಕ್ಕಲ್ ಕಾಲಮ್ ದಾಟಿ ಬಂದ ಇ. ಕೊಲೈ ಪ್ರೋಟೀನುಗಳು ಜೆಲ್ಲಿನಲ್ಲಿ ಕಾಣದಷ್ಟು ಸ್ವಲ್ಪವೇ ಇದ್ದರೂ ಮೊಲ ಅವನ್ನು ಬಿಡುವುದಿಲ್ಲ. ಅವುಗಳ ಸರೀಕರು ವಿಬ್ರಿಯೊದಂಥ ಬ್ಯಾಕ್ಟೀರಿಯಾದಲ್ಲೂ ಇದ್ದಾರೆ, ವಿಬ್ರಿಯೊ ಪ್ರತಿ ಮೀನಿನ ಕರುಳಲ್ಲೂ ಲೋಳೆಯಲ್ಲೂ ಇದೆ. ಸಣ್ಣ ಮರಿಯೆಂದು ಇಡೀ ಮೈ ಅರೆದದ್ದೇ ಮೊದಲ ತಪ್ಪು. ತಲೆ ಮಾತ್ರ ಅರೆದಾಗ ಆರೋಗ್ಯದ ಮರಿಯ ಬಣ್ಣ ಇಳಿಯಿತು, ಪೂರ್ತಿ ಹೋಗಲಿಲ್ಲ. ಹಿಸ್ಟಿಡಿನ್ ಬಾಲದ ವಿರುದ್ಧವೂ ಪ್ರತಿಕಾಯ ಹುಟ್ಟಿರುತ್ತದೆ. ಅದು ಮೀನಿನ ಅಂಗಾಂಶದಲ್ಲಿ ತೊಂದರೆ ಕೊಡದು. ತಟ್ಟೆಯಲ್ಲಿ ಮಾತ್ರ ಸುಳ್ಳು ಶಕ್ತಿ ತೋರಿಸುತ್ತದೆ. ಸಂಬಂಧವಿಲ್ಲದ ಬೇರೊಂದು ಹಿಸ್ಟಿಡಿನ್ ಬಾಲದ ಪ್ರೋಟೀನನ್ನು ಪಕ್ಕದ ಸಾಲಿನಲ್ಲಿ ಲೇಪಿಸಿ ನೋಡಿದರೆ ಎಷ್ಟು ಪಾಲು ಬಾಲದ್ದು ಎಂದು ತಿಳಿಯುತ್ತದೆ.

ಮದ್ದು ಹಳೆಯದು, ಬೇಸರ ತರುವಂಥದ್ದು, ಆದರೆ ತಪ್ಪದ್ದು. ಖಾಲಿ ವೆಕ್ಟರ್ ಹೊತ್ತ ಅದೇ ಇ. ಕೊಲೈ ತಳಿಯನ್ನು ಐಪಿಟಿಜಿ ಸಮೇತ ಅದೇ ರೀತಿ ಬೆಳೆಸಿ, ಕೋಶ ಒಡೆದು, ಮೈನಸ್ 20 ಡಿಗ್ರಿಯ ಅಸಿಟೋನನ್ನು ನಾಲ್ಕು ಪಟ್ಟು ಸುರಿದು, ಕೆಳಗೆ ಕೂತದ್ದನ್ನು ಒಣಗಿಸಿ ಪುಡಿ ಮಾಡುವುದು. ಒಂದು ಮಿಲಿಲೀಟರ್ ಸೀರಮ್ಮಿಗೆ 10 ಮಿಲಿಗ್ರಾಂ ಪುಡಿ, 4 ಡಿಗ್ರಿಯಲ್ಲಿ ಎರಡು ತಾಸು ನಿಧಾನ ಹೊರಳಾಟ (ಇ. ಕೊಲೈ ವಿರುದ್ಧದ ಪ್ರತಿಕಾಯ ಪುಡಿಗೆ ಅಂಟಿಕೊಳ್ಳಲೆಂದು), 10,000 ಜಿಯಲ್ಲಿ 10 ನಿಮಿಷ ತಿರುಗಿಸಿ ಮೇಲಿನ ದ್ರವ ಉಳಿಸಿಕೊಳ್ಳುವುದು. ಬ್ಯಾಕ್ಟೀರಿಯಾ ಸಾರದ ಬ್ಲಾಟಿನಲ್ಲಿ ಪಟ್ಟಿ ಕಾಣದಾಗುವ ತನಕ ಹೊಸ ಪುಡಿಯಲ್ಲಿ ಮತ್ತೆ ಮಾಡಬೇಕು. ಆಮೇಲೆ ಆರೋಗ್ಯದ ಸೀಬಾಸ್ ತಲೆಗಳಿಂದ ಮಾಡಿದ ಅಸಿಟೋನ್ ಪುಡಿಯಲ್ಲಿ ಒಂದು ಸುತ್ತು.

ಈ ಕೊನೆಯ ಸುತ್ತಿನಲ್ಲಿ ಒಂದು ಗುಂಡಿಯಿದೆ. ಆರೋಗ್ಯವಂತ ಎಂದು ಕಣ್ಣಂದಾಜಿನಲ್ಲಿ ಆರಿಸಿದ ತಲೆಗಳಲ್ಲಿ ವೈರಸ್ ಅಡಗಿದ್ದರೆ ಪುಡಿಯಲ್ಲಿ ಹೊರಕವಚದ ಪ್ರೋಟೀನೂ ಇರುತ್ತದೆ. ಬೇಕಾದ ಪ್ರತಿಕಾಯವನ್ನೇ ಅದು ಎಳೆದುಕೊಂಡು ಹೋಗುತ್ತದೆ. ಕುಂಬಳೆಯ ಪಕ್ಕದ ಪಂಜರದ ಮೀನುಗಳನ್ನು ಇದಕ್ಕೆ ಬಳಸಿದ್ದರೆ ಆಗುತ್ತಿದ್ದದ್ದು ಅದೇ. ರಿಯಲ್ ಟೈಮ್ ಪಿಸಿಆರಿನಲ್ಲಿ ನೆಗೆಟಿವ್ ಬಂದ, ಬೇರೆ ಮೂಲದ ಮೀನೇ ಆಗಬೇಕು.

ಇನ್ನೂ ಚೊಕ್ಕ ಬೇಕಾದರೆ ಶುದ್ಧ ಪ್ರೋಟೀನು ಕೂರಿಸಿದ ಕಾಲಮ್ಮಿನ ಮೇಲೆ ಸೀರಮ್ ಹಾಯಿಸಿ, ಹಿಡಿದುಕೊಂಡದ್ದನ್ನು ಪಿಎಚ್ 2.7ರ 0.1 ಮೋಲಾರ್ ಗ್ಲೈಸಿನ್‌ನಲ್ಲಿ ಇಳಿಸಿ, ಹತ್ತನೇ ಒಂದು ಪಾಲು 1 ಮೋಲಾರ್ ಟ್ರಿಸ್ ಮೊದಲೇ ಹಾಕಿಟ್ಟ ಕೊಳವೆಗೆ ಬೀಳಿಸಬೇಕು. ಆಮ್ಲದಲ್ಲಿ ಹೆಚ್ಚು ಹೊತ್ತು ನಿಂತ ಪ್ರತಿಕಾಯ ಸೊರಗುತ್ತದೆ. ಆದರೆ ಕಾಲಮ್ಮಿನಲ್ಲಿ ಕೂರಿಸುವ ಪ್ರೋಟೀನಿನಲ್ಲೇ ಇ. ಕೊಲೈ ಕಸ ಇದ್ದರೆ ಕಸದ ಪ್ರತಿಕಾಯವೂ ಜೊತೆಗೇ ಶುದ್ಧವಾಗಿ ಬರುತ್ತದೆ. ಆದ್ದರಿಂದ ಪುಡಿಯ ಕೆಲಸ ಮೊದಲು, ಕಾಲಮ್ ಆಮೇಲೆ. ಇಷ್ಟೆಲ್ಲ ಆದಾಗ ಸೀರಮ್ಮಿನ ಟೈಟರ್ (ಎಷ್ಟು ತೆಳು ಮಾಡಿದರೂ ಬಣ್ಣ ಕೊಡುತ್ತದೆಂಬ ಅಳತೆ) ಇಳಿದಿರುತ್ತದೆ. ಇಳಿಯಲಿ. ರೋಗಪತ್ತೆಗೆ ಬೇಕಾದದ್ದು ರೋಗದ ಮೀನಿಗೂ ಆರೋಗ್ಯದ ಮೀನಿಗೂ ನಡುವಿನ ಅಂತರ, ಬರೀ ಎತ್ತರ ಯಾತಕ್ಕೂ ಬಾರದು.

ಪಾಸಿಟಿವ್, ನೆಗೆಟಿವ್ ನಡುವಿನ ಗೆರೆ ಎಳೆಯುವುದು ಹೀಗೆ: ನೆಗೆಟಿವ್ ಎಂದು ಖಾತ್ರಿಯಾದ ಮೀನುಗಳ ಎಲಿಸಾ ಓದಿನ ಸರಾಸರಿಗೆ ಮೂರು ಪಟ್ಟು ಮಾನಕ ವಿಚಲನೆ ಕೂಡಿಸಬೇಕು. ಸರಾಸರಿ 0.11, ವಿಚಲನೆ 0.03 ಎಂದಿಟ್ಟುಕೊಂಡರೆ ಗೆರೆ 0.20. ಮೂರು ನಾಲ್ಕು ಮೀನಿನಿಂದ ಎಳೆದ ಗೆರೆಗೆ ಬೆಲೆಯಿಲ್ಲ. ಮೂವತ್ತಾದರೂ ಬೇಕು, ಅದೂ ಬೇರೆ ಬೇರೆ ಮೂಲದ್ದು.

ಕಂದು ಬಣ್ಣದ ಮೋಸ

ನಿಜವಾದ ಪ್ರಶ್ನೆಗೆ ಉತ್ತರ ಇದ್ದದ್ದು ಮೇಣದ ತುಣುಕುಗಳಲ್ಲಿ. ತಲೆಯನ್ನು ಉದ್ದಕ್ಕೆ ಸೀಳಿ, ಮಿದುಳು ಮತ್ತು ಕಣ್ಣು ಒಂದೇ ತುಣುಕಿನಲ್ಲಿ ಬರುವ ಹಾಗೆ ಕೂರಿಸಿ, 4ರಿಂದ 5 ಮೈಕ್ರಾನ್ ದಪ್ಪಕ್ಕೆ ಕತ್ತರಿಸುವುದು. ಮೇಣ ಕರಗಿಸಿ, ಪಿಎಚ್ 6ರ ಸಿಟ್ರೇಟ್ ದ್ರಾವಣದಲ್ಲಿ 95 ಡಿಗ್ರಿಗೆ 20 ನಿಮಿಷ. ಫಾರ್ಮಲಿನ್ ಕಟ್ಟಿಹಾಕಿದ ಜಾಗಗಳು ಇದರಿಂದ ತೆರೆದುಕೊಳ್ಳುತ್ತವೆ. 5 ಶೇಕಡಾ ಮೇಕೆ ಸೀರಮ್ಮಿನಲ್ಲಿ ತಡೆ ಹಾಕಿ, ಪ್ರತಿಕಾಯ 1:1,000, ರಾತ್ರಿಯಿಡೀ 4 ಡಿಗ್ರಿ. ಎಲ್ಲ ಪ್ರಯೋಗಾಲಯದಲ್ಲೂ ಇರುವ ರೂಢಿಯಂತೆ ಎಚ್‌ಆರ್‌ಪಿ ಮತ್ತು ಡಿಎಬಿ ಎಂಬ ಬಣ್ಣದ ರಾಸಾಯನಿಕ ಹಾಕಿದಾಗ ಕಣ್ಣಿನ ಅಕ್ಷಿಪಟಲದಲ್ಲಿ ದಟ್ಟ ಕಂದು ಪಟ್ಟಿ. ಆರೋಗ್ಯದ ಮೀನಿನಲ್ಲೂ ಅಷ್ಟೇ ದಟ್ಟ.

ಅದು ಪ್ರತಿಕಾಯದ ಬಣ್ಣವಲ್ಲ, ಮೆಲನಿನ್. ಡಿಎಬಿಯ ಬಣ್ಣವೂ ಕಂದು, ಅಕ್ಷಿಪಟಲದ ಹಿಂಬದಿಯ ವರ್ಣಪದರವೂ ಕಂದು. ಕಲಿತ ಕಣ್ಣೂ ಮೋಸ ಹೋಗುತ್ತದೆ. ಎಚ್‌ಆರ್‌ಪಿ ಬದಲು ಆಲ್ಕಲೈನ್ ಫಾಸ್ಫಟೇಸ್ ಮತ್ತು ಫಾಸ್ಟ್ ರೆಡ್ ಹಾಕಿದರೆ ವೈರಸ್ ಕೆಂಪು, ಮೆಲನಿನ್ ಕಂದು, ಎರಡೂ ಬೇರೆ ಬೇರೆ. ಈ ಕೆಂಪು ಆಲ್ಕೋಹಾಲಿನಲ್ಲಿ ಕರಗುವುದರಿಂದ ನೀರಿನ ಮೂಲದ ಅಂಟಿನಲ್ಲೇ ಗಾಜು ಮುಚ್ಚಬೇಕು. ನಾವಂತೂ ಮೀನಿನ ಕಣ್ಣಿಗೆ ಡಿಎಬಿ ಬೇಡವೇ ಬೇಡ ಎನ್ನುತ್ತೇವೆ.

ಕೆಂಪಿನಲ್ಲಿ ನೋಡಿದಾಗ ಚಿತ್ರ ಸ್ಪಷ್ಟವಾಯಿತು. ತಿರುಗುವ ಮರಿಗಳ ಮಿದುಳಿನಲ್ಲಿ, ಅಕ್ಷಿಪಟಲದ ಒಳ ಕೋಶಕೇಂದ್ರ ಪದರದಲ್ಲಿ ಗುಳ್ಳೆ ಗುಳ್ಳೆಯಾದ ಕೋಶಗಳು, ಆ ಗುಳ್ಳೆಗಳ ಅಂಚಿನಲ್ಲೇ ಕೆಂಪು. ಪಕ್ಕದ ಪಂಜರದ, ಪಿಸಿಆರ್ ಪಾಸಿಟಿವ್ ಆದ ಗಟ್ಟಿ ಮೀನುಗಳಲ್ಲಿ ಗುಳ್ಳೆಯೂ ಇಲ್ಲ, ಕೆಂಪೂ ಇಲ್ಲ. ಪ್ರತಿ ಸಲ ಜೊತೆಗಿಡಬೇಕಾದ ಗಾಜುಗಳು ನಾಲ್ಕು: ಪ್ರತಿಕಾಯದ ಬದಲು ಅದೇ ಮೊಲದ ಮೊದಲ ರಕ್ತದ ಸೀರಮ್, ಮೊದಲ ಪ್ರತಿಕಾಯವೇ ಇಲ್ಲದ್ದು, ಶುದ್ಧ ಪ್ರೋಟೀನಿನ ಜೊತೆ ಮೊದಲೇ ಬೆರೆಸಿ ಬಾಯಿ ಕಟ್ಟಿದ ಪ್ರತಿಕಾಯ, ಖಾತ್ರಿ ನೆಗೆಟಿವ್ ಮೀನು. ಮೂರನೆಯದರಲ್ಲಿ ಕೆಂಪು ಮಾಯವಾಗದಿದ್ದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ.

ಇದೇ ಪ್ರತಿಕಾಯದಿಂದ ಅಗ್ಗದ ಡಾಟ್ ಬ್ಲಾಟೂ ಆಗುತ್ತದೆ. ತಲೆಯನ್ನು ಒಂಬತ್ತು ಪಾಲು ಬಫರಿನಲ್ಲಿ ಅರೆದು, 0.1 ಶೇಕಡಾ ಎಸ್‌ಡಿಎಸ್ ಸೇರಿಸಿ 5 ನಿಮಿಷ ಕುದಿಸಿ, ತಿಳಿಯ 2 ಮೈಕ್ರೋಲೀಟರ್ ನೈಟ್ರೊಸೆಲ್ಯುಲೋಸ್ ಹಾಳೆಯ ಮೇಲೆ. ಬಿಚ್ಚಿದ ಪ್ರೋಟೀನಿಗೆ ಹುಟ್ಟಿದ ಪ್ರತಿಕಾಯವಾದ್ದರಿಂದ ಮಾದರಿಯನ್ನೂ ಕುದಿಸಿ ಬಿಚ್ಚಬೇಕು. ಎಸ್‌ಡಿಎಸ್ ಹೆಚ್ಚಾದರೆ ಪ್ರೋಟೀನು ಹಾಳೆಗೆ ಅಂಟದು. ಇಲ್ಲಿಯೂ ಎಚ್‌ಆರ್‌ಪಿ ಅಪಾಯ: ಕಿವಿರಿನ ರಕ್ತದ ಹೀಮ್ ಕುದಿಸಿದರೂ ಸಾಯದೆ, ಪ್ರತಿಕಾಯದ ಸಹಾಯವಿಲ್ಲದೆ ತಾನೇ ಬಣ್ಣ ಬರಿಸುತ್ತದೆ. ಫಾಸ್ಫಟೇಸ್ ಕಿಣ್ವ, ಬಿಸಿಐಪಿ-ಎನ್‌ಬಿಟಿ ಬಣ್ಣವೇ ಲೇಸು.

ಪಂಜರದ ಬಳಿ

ವರದಿಯಲ್ಲಿ ಬರೆಯಬಹುದಾದದ್ದು ಇಷ್ಟು: ಮರಿಗಳ ಸಾವಿಗೆ ವಿಎನ್‌ಎನ್ ಕಾರಣ, ಪಕ್ಕದ ಪಂಜರದ ಮೀನುಗಳು ವೈರಸ್ ಹೊತ್ತಿವೆ, ಕಾಯಿಲೆ ಬಿದ್ದಿಲ್ಲ. ಅವನ್ನು ಗಾಬರಿಯಲ್ಲಿ ಸಣ್ಣ ಗಾತ್ರಕ್ಕೇ ಮಾರುವ ಅಗತ್ಯವಿಲ್ಲ, ಆದರೆ ಅವುಗಳ ಪಕ್ಕದಲ್ಲೇ ಮತ್ತೆ ಎರಡೂವರೆ ಸೆಂಟಿಮೀಟರಿನ ಮರಿ ಬಿಡುವುದು ಮೂರ್ಖತನ. ಎಂಟರಿಂದ ಹತ್ತು ಸೆಂಟಿಮೀಟರಿಗೆ ಬೆಳೆದ, ಆರ್‌ಟಿ-ಪಿಸಿಆರ್ ವರದಿ ಇರುವ ಮರಿ ತರಬೇಕು. ಬೆಲೆ ಜಾಸ್ತಿ, ಆದರೂ ಲೆಕ್ಕ ಕೂಡುತ್ತದೆ. ಹಸಿ ಮೀನಿನ ಮೇವಿನ ಬದಲು ಒಣ ಗುಳಿಗೆ ಮೇವು. ಸತ್ತ ಮರಿಗಳನ್ನು ಹೊಳೆಗೆ ಎಸೆಯದೆ ಸುಣ್ಣ ಹಾಕಿ ಹೂಳಬೇಕು. ಈ ರೋಗಕ್ಕೆ ಮದ್ದಿಲ್ಲ.

ಬಲೆ, ಬುಟ್ಟಿ ತೊಳೆಯುವ ಲೆಕ್ಕದಲ್ಲಿ ಎಡವುವವರು ಬಹಳ. ಶುದ್ಧ ನೀರಿನಲ್ಲಿ 50 ಪಿಪಿಎಂ ಹೈಪೊಕ್ಲೋರೈಟ್ 10 ನಿಮಿಷದಲ್ಲಿ ಈ ವೈರಸ್ಸನ್ನು ಕೊಲ್ಲುತ್ತದೆ, ಆದರೆ ಲೋಳೆ, ಪಾಚಿ ಕಟ್ಟಿದ ಬಲೆ ಕ್ಲೋರಿನ್ನನ್ನು ನುಂಗಿಬಿಡುತ್ತದೆ. ಮೊದಲು ಉಜ್ಜಿ ತೊಳೆದು, 200 ಪಿಪಿಎಂನಲ್ಲಿ ಅರ್ಧ ತಾಸು ಅದ್ದಿ, ಬಿಸಿಲಿಗೆ ಒಣಹಾಕುವುದು ಸರಿ. 30 ಶೇಕಡಾ ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿಯಾದರೆ 100 ಲೀಟರ್ ನೀರಿಗೆ ಸುಮಾರು 67 ಗ್ರಾಂ. ಕರಾವಳಿಯ ತೇವಕ್ಕೆ ಬಾಯಿ ತೆರೆದಿಟ್ಟ ಚೀಲದ ಪುಡಿಯಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಹಾಗಾಗಿ ಹೊಸ ಪೊಟ್ಟಣವೇ ಆಗಬೇಕು.

ಮುಂದೆ ಮೊನೊಕ್ಲೋನಲ್ ಬೇಕೇ

ಪಂಜರದ ಬದಿಯಲ್ಲೇ ಉತ್ತರ ಕೊಡುವ ಪರೀಕ್ಷಾ ಪಟ್ಟಿ (ಸ್ಟ್ರಿಪ್) ಬೇಕಾದರೆ ಮೊಲದ ಸೀರಮ್ ಒಂದೇ ಸಾಲದು. ವೈರಸ್ ಕಣವನ್ನು ಎರಡು ಕಡೆಯಿಂದ ಹಿಡಿಯಲು ಎರಡು ಪ್ರತಿಕಾಯ ಬೇಕು, ಒಂದಾದರೂ ಮೊನೊಕ್ಲೋನಲ್ (ಒಂದೇ ಕೋಶದ ಸಂತತಿಯಿಂದ ಬಂದು ಒಂದೇ ಜಾಗವನ್ನು ಗುರುತಿಸುವಂಥದ್ದು) ಆಗಿರುವುದು ಕ್ಷೇಮ. ಸೀಗಡಿಯ ಬಿಳಿಚುಕ್ಕೆ ವೈರಸ್ಸಿಗೆ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಮೊನೊಕ್ಲೋನಲ್ ಆಧಾರಿತ ಇಮ್ಯುನೊಡಾಟ್ ಪರೀಕ್ಷೆ ರೂಪಿಸಿ ಕೊಳದ ಮಟ್ಟಕ್ಕೆ ತಂದ ಅನುಭವ ಈ ಸೀಮೆಯಲ್ಲೇ ಇದೆ. ಬಾಲ್ಬ್-ಸಿ ಇಲಿಯ ಗುಲ್ಮ, ಎಸ್‌ಪಿ2/0 ಮೈಲೋಮಾ ಕೋಶ, ಪಿಇಜಿಯಲ್ಲಿ ಬೆಸುಗೆ, ಎಚ್‌ಎಟಿ ಮಾಧ್ಯಮದಲ್ಲಿ ಆಯ್ಕೆ, ಇವೆಲ್ಲ 1970ರ ದಶಕದಿಂದ ತಿಳಿದ ದಾರಿ. ಕೆಡುವುದು ಆಯ್ಕೆಯ ಹಂತದಲ್ಲಿ. ಬ್ಯಾಕ್ಟೀರಿಯಾದಲ್ಲಿ ಮಾಡಿದ ಪ್ರೋಟೀನಿನ ತಟ್ಟೆಯ ಮೇಲೆ ಮಾತ್ರ ಕ್ಲೋನ್ ಆರಿಸಿದರೆ ಹಿಸ್ಟಿಡಿನ್ ಬಾಲವನ್ನು, ಬಿಚ್ಚಿದ ಸರಪಳಿಯನ್ನು ಹಿಡಿಯುವವೇ ಗೆಲ್ಲುತ್ತವೆ. ಮೊದಲ ದಿನದಿಂದಲೇ ನಾಲ್ಕು ತಟ್ಟೆ ಇಡಬೇಕು: ತಯಾರಿಸಿದ ಪ್ರೋಟೀನು, ಸಂಬಂಧವಿಲ್ಲದ ಹಿಸ್ಟಿಡಿನ್ ಬಾಲದ ಪ್ರೋಟೀನು, ವೈರಸ್ ಬೆಳೆದ ಕೋಶದ ಸಾರ, ವೈರಸ್ ಇಲ್ಲದ ಅದೇ ಕೋಶದ ಸಾರ. ಒಂದು, ಮೂರರಲ್ಲಿ ಬಣ್ಣ ಬಂದು ಎರಡು, ನಾಲ್ಕರಲ್ಲಿ ಬಾರದವನ್ನೇ ಮುಂದೆ ಬೆಳೆಸಬೇಕು.

ಪಟ್ಟಿ ಆದ ಮೇಲೂ ಒಂದು ಎಚ್ಚರ: ಸಾಯುತ್ತಿರುವ ಮರಿಯ ಮಿದುಳಿನಲ್ಲಿ ವೈರಸ್ ಎಷ್ಟು ತುಂಬಿರುತ್ತದೆಂದರೆ, ಎರಡೂ ಪ್ರತಿಕಾಯಗಳು ಬೇರೆ ಬೇರೆ ಕಣಗಳಿಂದ ತುಂಬಿಹೋಗಿ ಗೆರೆ ಮಸುಕಾಗಬಹುದು. ಲಕ್ಷಣ ಜೋರಾಗಿದ್ದು ಗೆರೆ ತೆಳುವಾಗಿದ್ದರೆ ಮಾದರಿಯನ್ನು ಹತ್ತು ಪಟ್ಟು ತೆಳು ಮಾಡಿ ಮತ್ತೆ ಹಾಕಿ ನೋಡಬೇಕು.

ತಾಯಿಮೀನುಗಳಿಗೆ ಈ ಯಾವ ಪರೀಕ್ಷೆಯೂ ಅಲ್ಲ. ಅಲ್ಲಿ ಕೇಳುವುದು ಮೀನು ಹಿಂದೆ ವೈರಸ್ ಕಂಡಿದೆಯೇ ಎಂದು; ಅದಕ್ಕೆ ಮೀನಿನ ಸೀರಮ್ಮಿನಲ್ಲಿರುವ ಐಜಿಎಂ (ಮೀನೇ ತಯಾರಿಸಿದ ಪ್ರತಿಕಾಯ) ಅಳೆಯಬೇಕು, ಅಂದರೆ ಸೀಬಾಸ್ ಐಜಿಎಂ ವಿರುದ್ಧ ಇನ್ನೊಂದು ಪ್ರತಿಕಾಯ ತಯಾರಾಗಬೇಕು. ಹೊರಕವಚದ ಪ್ರೋಟೀನಿನಿಂದಲೇ ಮಾಡಿದ ಲಸಿಕೆ ಹಾಕಿದ ತಾಯಿಮೀನಿನಲ್ಲಿ ಆ ಪರೀಕ್ಷೆಯೂ ಲಸಿಕೆಗೂ ಸೋಂಕಿಗೂ ಭೇದ ಮಾಡದು, ಆದ್ದರಿಂದ ಲಸಿಕೆಯ ದಾಖಲೆ ಸೀರಮ್ಮಿನ ಜೊತೆಗೇ ಬರಬೇಕು.

ಮೊಲದ ಸೀರಮ್ ಮುಗಿಯುವ ವಸ್ತು. 50 ಮೈಕ್ರೋಲೀಟರಿನ ಕೊಳವೆಗಳಲ್ಲಿ ಹಂಚಿ ಮೈನಸ್ 20ರಲ್ಲಿಟ್ಟು, ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸದೆ 4 ಡಿಗ್ರಿಯಲ್ಲೇ ಬಳಸಿ ಮುಗಿಸಬೇಕು. ಕರೆಂಟು ಹೋದಾಗ ತಾನೇ ಕರಗಿ ಹೆಪ್ಪುಗಟ್ಟುವ ಮನೆಬಳಕೆಯ ಫ್ರಿಜ್ಜು ಇದಕ್ಕೆ ಆಗದು. ಹೊಸ ಮೊಲದ ಸೀರಮ್ ಬಂದಾಗ ಹಳೆಯದರ ಕೊನೆಯ ಕೊಳವೆ ಖಾಲಿಯಾಗುವ ಮೊದಲೇ, ಕುಂಬಳೆಯ ಅದೇ ಮೇಣದ ಗಟ್ಟಿಗಳಿಂದ ಕತ್ತರಿಸಿದ ತುಣುಕುಗಳ ಮೇಲೆ ಎರಡನ್ನೂ ಪಕ್ಕಪಕ್ಕ ಹಾಕಿ ತಾಳೆ ನೋಡಬೇಕು. ಹಳೆಯದಕ್ಕೆ 1:1,000 ಸರಿಯಾಗಿತ್ತೆಂದು ಹೊಸದಕ್ಕೂ ಅದನ್ನೇ ಬರೆಯುವಂತಿಲ್ಲ. 1:250ರಿಂದ 1:4,000ರವರೆಗೆ ಎರಡೆರಡು ಪಟ್ಟು ತೆಳುಗೊಳಿಸಿ, ನೆಗೆಟಿವ್ ಮೀನಿನಲ್ಲಿ ಕೆಂಪು ಪೂರ್ತಿ ಹೋಗುವ ಮೊದಲ ಹಂತವನ್ನು ಸೀಸೆಯ ಮೇಲೆ ಗುರುತಿಸಿಡಬೇಕು.